ಹೊಸ ಫಾಂಟು, ಹಳೇ ಡಬ್ಬಿ

ಒಂದು ಒಗಟು ಹೇಳ್ತೀನಿ, ಒಡೀರಿ ನೋಡೋಣ.

"ಹೊಸ ಸೊಸಿ ಹಳೇ ಮನಿ ಹೊಕ್ಕಾಳ. ತಲಿ ಪಡಸಾಲ್ಯಾಗ, ಕಾಲು ಬಾಜೂ ಮನ್ಯಾಗ, ಒಡವಿ ಎಲ್ಲಾ ಓಣ್ಯಾಗ ಬಿದ್ದಾವ. ಆದ್ರೂ ನಕ್ಕೋತ ನಿಂತಾಳ. ಯಾರಾಕಿ?"

ಬರಲಿಲ್ಲ ಅಲ್ಲ? ಬರೋದೂ ಇಲ್ಲ ಬಿಡ್ರಿ. ಶಹಾಪುರದ ನಮ್ಮ ಡಿಟಿಪಿ ಅಂಗಡಿಯಲ್ಲಿ ಕೂತು ಎದ್ದವರಿಗೆ ಮಾತ್ರ ಬರುತ್ತದೆ. ಉತ್ತರ: ಹಳೇ ಕಂಪ್ಯೂಟರಿಗೆ ಹಾಕಿದ ಹೊಸ ಫಾಂಟು. ಅಕ್ಷರ ಒಂದು ಕಡೆ, ಅದರ ಒತ್ತು ಪಕ್ಕದ ಅಕ್ಷರದ ಕಾಲಡಿ, ಕೊಂಬು ಕೆಳಗಿನ ಸಾಲಿನಲ್ಲಿ.

ಬೇರೆಯವರ ಅಂಗಡಿಗೆ ಗಿರಾಕಿ ಒಬ್ಬನೇ ಬರುತ್ತಾನೆ. ನಮ್ಮಲ್ಲಿ ಅವನ ಹಿಂದೆ ಒಂದು ಫಜೀತಿಯೂ ಮೆಟ್ಟಿಲು ಹತ್ತಿ ಬರುತ್ತದೆ. ಯಾಕೆ ಅಂತ ಕೇಳಬೇಡಿ. ಅಂಗಡಿ ನಮ್ಮ ಉಸ್ತಾದರದು. ಅವರು ಸೀಸದ ಅಚ್ಚುಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡ ಕಾಲದವರು. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾರೆ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಹತ್ತನೇ ಕ್ಲಾಸಿನ ಗಣಿತದ ಜೊತೆ ಮಾತು ಬಿಟ್ಟು ಶಾಲೆಯಿಂದ ಹೊರಬಿದ್ದವನು. ಊರಲ್ಲಿ ನನ್ನ ಮಾತು ಕೇಳೋದು ಆ ಕಂಪ್ಯೂಟರ್ ಒಂದೇ. ಅದಕ್ಕೇ ಉಸ್ತಾದರು ನನ್ನನ್ನು ಇನ್ನೂ ಓಡಿಸಿಲ್ಲ.

೧. ರಸ್ತೆಗೆಲ್ಲ ಕೇಳಿಸಿದ ಮಾತು

ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ನಿವೃತ್ತ ಇಂಜಿನಿಯರ್ ಒಬ್ಬರು ಒಂದು ದಿನ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು. ಕಂಕುಳಲ್ಲಿ ದಪ್ಪ ಕಾಗದದ ಕಟ್ಟು. ಕಾಲುವೆ ನೀರು ಬಂದು ಜೋಳದ ಹೊಲವೆಲ್ಲ ಭತ್ತದ ಗದ್ದೆ ಆದ ಮೇಲೆ ಅವರು ಪದ್ಯ ಬರೆದಿದ್ದರು, ಪೂರಾ ಕಾಲುವೆಯ ಮೇಲೆಯೇ. ಮೊಬೈಲು ತೆಗೆದು ಒಂದು ಚಂದದ ಅಕ್ಷರ ತೋರಿಸಿದರು.

"ಪುಸ್ತಕ ಇದೇ ಅಕ್ಷರದಾಗ ಆಗಬೇಕು ನೋಡ್ರಿ. ಈ ಸಲ ಕಾಲುವಿಗೆ ನೀರು ಬಿಡೋ ದಿನ ಕ್ಯಾಂಪಿನ್ಯಾಗ ಬಿಡುಗಡಿ ಇಟ್ಟೀನಿ. ಆಗ್ತದೋ ಇಲ್ಲೋ ಈಗ ಹೇಳಿಬಿಡ್ರಿ. ಇಲ್ಲಂದ್ರ ಎದುರಿನ ಅಂಗಡಿಗೆ ಹೋಗ್ತೀನಿ."

ಎದುರಿಗೆ ಹೊಸದಾಗಿ ಫ್ಲೆಕ್ಸ್ ಅಂಗಡಿ ಆಗಿತ್ತು. ಅದರ ಮಾಲಕ ಬಾಗಿಲಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದ. ಅವನನ್ನು ನೋಡಿದ್ದೇ ಉಸ್ತಾದರ ರಕ್ತ ತಲೆಗೆ ಏರಿತು.

"ಆಗದಿದ್ರ ಈ ಅಂಗಡಿಗೆ ಬೀಗ ಜಡದು, ಅಂವನ ಅಂಗಡ್ಯಾಗ ಕಸಾ ಹೊಡೀತೀನಿ! ಹೋಗ್ರಿ ಸಾಹೇಬ್, ಆರಾಮ ಹೋಗ್ರಿ!"

ಎದುರಿನವನು ಅಲ್ಲಿಂದಲೇ ಕೂಗಿದ: "ಚಾಚಾ, ಕಸಬರಿಗಿ ನಿಮ್ದು ತರ್ತೀರೋ, ನಾ ಕೊಡ್ಲೋ?"

೨. ಎರಡು ಹನಿ

ಕೆಲಸ ಏನು ಅಂತ ಹೇಳಿಬಿಡ್ತೀನಿ. ಹೊಸ ಫಾಂಟಿನಲ್ಲಿ ಅಕ್ಷರದ ಚಿತ್ರಗಳು ಕಂಡಾಪಟ್ಟಿ ಇರುತ್ತವೆ. ಯಾವ ಒತ್ತು ಯಾವುದರ ಕೆಳಗೆ ಕೂಡಬೇಕು ಅನ್ನುವ ಬುದ್ಧಿಯೂ ಅದರೊಳಗೇ ಇರುತ್ತದೆ. ಪುಟ ಕಟ್ಟುವ ನಮ್ಮ ಹಳೇ ಸಿಸ್ಟಮಿಗೆ ಆ ಬುದ್ಧಿ ತಿಳಿಯೋದಿಲ್ಲ, ಅದರಲ್ಲಿರುವ ಖಾನೆಗಳೂ ಕಮ್ಮಿ. ಹಂಗಾಗಿ ಹೊಸ ಫಾಂಟನ್ನು ಬಿಚ್ಚಬೇಕು, ಬೇಕಾದ ಚಿತ್ರ ಮಾತ್ರ ಆರಿಸಬೇಕು, ಒಂದೊಂದು ಖಾನೆಗೆ ಒಂದೊಂದು ಕೂಡಿಸಿ ಮತ್ತೆ ಕಟ್ಟಬೇಕು. ಇಷ್ಟು ಹೇಳಿದ್ದೇ ಉಸ್ತಾದರು ಕೈ ಎತ್ತಿದರು. "ತಿಳೀತು. ಖಾನ್ಯಾಗ ಮೊಳಿ ತುಂಬೂದು. ಇದಕ್ಕ ಇಷ್ಟು ಭಾಷಣ ಯಾಕ?"

ನಾನು ತುಂಬಿದೆ. ಹೊಸ ಫಾಂಟಿನ ಅಳತೆ ಒಂದು, ಹಳೇ ಸಿಸ್ಟಮಿನ ಅಳತೆ ಇನ್ನೊಂದು ಅನ್ನೋದು ಗೊತ್ತಿರಲಿಲ್ಲ. ಅಕ್ಷರಗಳೆಲ್ಲ ಅರ್ಧಕ್ಕೆ ಕುಗ್ಗಿ, ಸಾಸಿವೆ ಚೆಲ್ಲಿದಂತೆ ಪರದೆ ಮೇಲೆ ಬಂದವು.

ಉಸ್ತಾದರು ಚಷ್ಮಾ ಒರೆಸಿದರು. ಇನ್ನೊಮ್ಮೆ ಒರೆಸಿದರು. ಆಮೇಲೆ ಪರದೆ ಒರೆಸಿದರು.

"ಬೇಟಾ, ನಿನಗ ಹೆಂಗ ಕಾಣಾಕತ್ತಾವ?"

"ದಪ್ಪ ದಪ್ಪ ಕಾಣಾಕತ್ತಾವ್ರಿ ಉಸ್ತಾದ್. ಅವರಿಕಾಳಿನಂಗ."

"ಯಾ ಅಲ್ಲಾ," ಅಂದರು. ಮರುದಿನ ಮೊದಲ ಬಸ್ಸಿಗೆ ಯಾದಗಿರಿಯ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅವರು ಬರೋದರೊಳಗೆ ನಾನು ಅಳತೆ ಹಿಡಿದು ಸರಿ ಮಾಡಿಬಿಟ್ಟಿದ್ದೆ. ಸಂಜೆಗೆ ಬಂದರು, ಅದೇ ಚಷ್ಮಾ. ಪರದೆ ನೋಡಿದವರೇ ಕುರ್ಚಿ ಹಿಡಿದುಕೊಂಡರು.

"ಡಾಕ್ಟರ್ ಏನೂ ಆಗಿಲ್ಲ ಅಂದ, ಬರೇ ಎರಡು ಹನಿ ಹಾಕಿ ಕಳಿಸ್ದ. ಎರಡು ಹನ್ಯಾಗ ಇಷ್ಟು ಫರಕ್! ಏನು ಕೈಗುಣ ಅಂತೀ ಅಂವಂದು!"

ಆ ವಾರ ನಮ್ಮ ಓಣಿಯ ಅರ್ಧ ಮಂದಿ ಅದೇ ಡಾಕ್ಟರ ಹತ್ತಿರ ಹೋಗಿ ಎರಡೆರಡು ಹನಿ ಹಾಕಿಸಿಕೊಂಡು ಬಂದರು.

೩. ಮಾಸ್ತರರ ಉಸಿರು

ನಮ್ಮ ಪ್ರೂಫ್ ನೋಡುವವರು ಸುರಪುರದ ಒಬ್ಬ ರಿಟೈರ್ ಆದ ಕನ್ನಡ ಮಾಸ್ತರರು. ಜೋರಾಗಿ ಓದಿಯೇ ಪ್ರೂಫ್ ನೋಡುತ್ತಾರೆ. ಪದದ ನಡುವೆ ಉಸಿರು ತೆಗೆದುಕೊಳ್ಳಬಾರದು, ಪದ ಮುಗಿದ ಮೇಲೆ ತೆಗೆದುಕೊಳ್ಳಬೇಕು. ಇದು ಅವರು ಮೂರು ತಲೆಮಾರಿನ ಹುಡುಗರಿಗೆ ಬಡಿದು ಕಲಿಸಿದ ನಿಯಮ.

ನಾನು ಎಲ್ಲಾ ಖಾನೆ ತುಂಬಿದ್ದೆ, ಒಂದನ್ನು ಬಿಟ್ಟು. ಪದ ಪದಗಳ ನಡುವಿನ ಖಾಲಿ ಜಾಗ ಅಂತ ಇರುತ್ತದಲ್ಲ, ಅದನ್ನೂ ಒಂದು ಖಾನೆಯಲ್ಲಿ ಕೂಡಿಸಬೇಕಂತೆ. ಇಲ್ಲದ್ದನ್ನು ತಂದು ಇಡಬೇಕು ಅಂತ ಯಾವ ಶಾಣ್ಯಾನಿಗೆ ಹೊಳೆಯುತ್ತದೆ ಹೇಳಿ. ಹಾಳೆ ಹೊರಗೆ ಬಂತು. ಪದ್ಯವೆಲ್ಲ ಒಂದಕ್ಕೊಂದು ಅಂಟಿಕೊಂಡು ಯಾದಗಿರಿ ಸ್ಟೇಷನ್ನಿನ ಗೂಡ್ಸ್ ಗಾಡಿ ಆಗಿತ್ತು.

ಮಾಸ್ತರರು ಚಷ್ಮಾ ಏರಿಸಿ, ಗಂಟಲು ಸರಿಮಾಡಿ ಶುರು ಮಾಡಿದರು. ಮೊದಲ ಸಾಲು ಹೋಯಿತು. ಎರಡನೆಯದು ಹೋಯಿತು. ಕುತ್ತಿಗೆಯ ನರ ಹಗ್ಗದಂತೆ ಎದ್ದು ನಿಂತವು. ಮುಖ ಮೊದಲು ಕೆಂಪು, ಆಮೇಲೆ ಬದನೇಕಾಯಿ. ಕೈಯಿಂದ ಬೆಂಚು ಬಡಿಯುತ್ತಿದ್ದಾರೆ, ಬಾಯಿ ಮಾತ್ರ ನಿಲ್ಲುತ್ತಿಲ್ಲ. ಉಸ್ತಾದರು ಓಡಿ ಹೋಗಿ ಹಾಳೆ ಕಸಿದುಕೊಂಡರು, ನಾನು ತಂಬಿಗೆ ನೀರು ತಂದು ಮುಖಕ್ಕೆ ಹೊಡೆದೆ.

"ಮಾಸ್ತರ, ನಡುವ ಒಮ್ಮಿ ಉಸಿರು ತಗೋಬಾರದೇನ್ರಿ?"

"ಎಲ್ಲಿ ತಗೋಲಿ? ಎಲ್ಲ್ಯಾದ್ರೂ ಜಾಗಾ ಬಿಟ್ಟೀರೇನು?"

"ಇನ್ನ ಎರಡು ಪುಟ ಅದಾವ್ರಿ," ಅಂದೆ ನಾನು.

ಮಾಸ್ತರರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. "ಅವನ್ನ ಆ ಇಂಜಿನಿಯರ್ ಕಡಿಂದ ಓದಸ್ರಿ. ಬರದಾಂವ ಅಂವ, ಸಾಯೂದಿದ್ರ ಅಂವ ಸಾಯಲಿ."

೪. ಮಂಜೂರು

ಯಾವುದಾದರೂ ಚಿತ್ರ ಕೂಡಿಸೋದು ಮರೆತರೆ ನಮ್ಮ ಸಿಸ್ಟಮು ಆ ಜಾಗದಲ್ಲಿ ಒಂದು ಖಾಲಿ ಚೌಕ ಬರೆದು ಸುಮ್ಮನಾಗುತ್ತದೆ. ಗಡಿಬಿಡಿಯಲ್ಲಿ ನಾನು ಎಷ್ಟೋ ಮರೆತಿದ್ದೆ. ಪುಟದ ತುಂಬ ಚೌಕವೋ ಚೌಕ. ಅದನ್ನು ನೋಡದೆ ಉಸ್ತಾದರು ಪ್ರೂಫು ಕ್ಯಾಂಪಿಗೆ ಕಳಿಸಿಬಿಟ್ಟರು.

ತಿಳಿದ ಮೇಲೆ ಅವರಿಗೆ ಊಟ ಸೇರಲಿಲ್ಲ. "ಮುಗೀತು. ಸಾಹೇಬ್ರು ಇವತ್ತು ಬರ್ತಾರ, ಕಟ್ಟು ಇಸಗೊಂಡು ಸೀದಾ ಎದುರಿಗೆ ದಾಟ್ತಾರ. ಆ ಹರಾಮಿ ಮುಂದ ಕಸಬರಿಗಿ ಹಿಡೀಬೇಕು ನಾ."

ಇಂಜಿನಿಯರ್ ಬಂದರು. ಕಟ್ಟು ಮೇಜಿನ ಮೇಲಿಟ್ಟರು. ಉಸ್ತಾದರು ಬಿಚ್ಚಿ ನೋಡಿದರೆ, ಒಂದೊಂದು ಚೌಕದೊಳಗೂ ಹಸಿರು ಶಾಯಿಯ ಒಂದೊಂದು ಟಿಕ್ಕು. ಪುಟದ ಬುಡಕ್ಕೆ ಉದ್ದ ಸಹಿ. ಜೀವಮಾನವೆಲ್ಲ ಆಫೀಸಿನಲ್ಲಿ ಕಳೆದ ಮನುಷ್ಯ, ಖಾಲಿ ಚೌಕ ಕಂಡರೆ ಸುಮ್ಮನೆ ಬಿಡುತ್ತಾರೇನು?

"ಎಲ್ಲಾ ಪರಿಶೀಲನೆ ಮಾಡೀನಿ. ಮಂಜೂರು," ಅಂದರು. ಆಮೇಲೆ ಒಂದು ಹಾಳೆ ಬೇರೆ ತೆಗೆದು, ಹುಬ್ಬು ಗಂಟು ಹಾಕಿದರು. "ಆದ್ರ ಈ ಪುಟದಾಗ ಒಂದೂ ಚೌಕ ಇಲ್ಲ. ಇದಕ್ಕ ನಾ ಮಂಜೂರಿ ಹೆಂಗ ಕೊಡ್ಲಿ? ತಿದ್ದಿ ಕಳಸ್ರಿ."

ಇಡೀ ಪುಸ್ತಕದಲ್ಲಿ ಸರಿಯಾಗಿ ಬಂದಿದ್ದ ಪುಟ ಅದೊಂದೇ.

೫. ಕೌದಿಯೊಳಗಿನ ಕೂಸು

ಕಡೆಗೂ ಫಾಂಟು ಕೂತಿತು. ಒತ್ತಕ್ಷರಗಳ ಅಗಲ ಸೊನ್ನೆ ಮಾಡಿದ ಮೇಲೆ ಅವು ಅಲೆದಾಟ ಬಿಟ್ಟು ತಮ್ಮ ತಮ್ಮ ಅಕ್ಷರದ ಕೆಳಗೆ ತೆಪ್ಪಗೆ ಕೂತವು. ಉಸ್ತಾದರು ಪರದೆಗೆ ಲೋಬಾನದ ಹೊಗೆ ಹಾಕಿದರು. ನೀರು ಬಿಡೋದಕ್ಕೆ ಇನ್ನು ಎರಡೇ ದಿನ.

ಅಚ್ಚು ಹಾಕೋದು ಯಾದಗಿರಿಯ ಪ್ರೆಸ್ಸಿನಲ್ಲಿ. ಪುಟಗಳನ್ನು ಪೆನ್‌ಡ್ರೈವಿನಲ್ಲಿ ಕಳಿಸಿದೆವು. ಅಲ್ಲಿಂದ ಫೋನು: "ಚಾಚಾ, ಇದೇನ್ರೀ, ಕೋಳಿ ಕೆದರಿದಂಗ ಬಂದದ." ಫಾಂಟನ್ನೂ ಕಳಿಸಿದೆವು. ಅವರ ಕಂಪ್ಯೂಟರ್ ಹೊಸದು, ನಾವು ಹಳೇದಕ್ಕೆ ಒಗ್ಗಿಸಿದ ಫಾಂಟನ್ನು ಮೂಸಿಯೂ ನೋಡಲಿಲ್ಲ. ಎದುರಿನ ಅಂಗಡಿಯವನು ಅವತ್ತೇ ಒಂದು ಹೊಸ ಕಸಬರಿಗೆ ತಂದು ಬಾಗಿಲಿಗೆ ಕಾಣುವಂತೆ ನೇತು ಹಾಕಿದ.

ಉಸ್ತಾದರು ಎದ್ದು ನಿಂತರು. "ಹೆಣ್ಣಿನ್ನ ಒಬ್ಬಾಕಿನ್ನ ಕಳಿಸಿದ್ವಿ, ಅತ್ತಿಮನ್ಯಾಗ ಒಗ್ಗಲಿಲ್ಲ. ನಡಿ ಬೇಟಾ, ತವರಮನೀನ ಎತಗೊಂಡು ಹೋಗೂಣು."

ಆಗಷ್ಟೇ ಬಂದ್ ಮಾಡಿದ ಕಂಪ್ಯೂಟರ್ ಡಬ್ಬಿಯನ್ನು ವೈರಿನಿಂದ ಬಿಡಿಸಿ, ರಸ್ತೆಯ ಗುಂಡಿಗೆ ಪೆಟ್ಟಾಗದಿರಲಿ ಅಂತ ಕೌದಿಯಲ್ಲಿ ಸುತ್ತಿದೆವು. ಬಸ್ಸಿನಲ್ಲಿ ಉಸ್ತಾದರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗೆಲ್ಲ ಎದೆಗೆ ಅವಚಿಕೊಳ್ಳುತ್ತಿದ್ದರು. ಬಾಜೂ ಸೀಟಿನ ಅಜ್ಜಿ ನೋಡಿ ನೋಡಿ ಕೇಳಿದಳು.

"ಮೊಮ್ಮಗನೇನೋ ಯಪ್ಪಾ?"

ಉಸ್ತಾದರ ಲಕ್ಷ್ಯವೆಲ್ಲ ಗುಂಡಿಯ ಮೇಲೆ. "ಹಾಂ ಅಮ್ಮಾ, ಇದರ ಮ್ಯಾಲೇ ನನ್ನ ಮನಿ ನಡೀತದ. ಇದಕ್ಕೇನರ ಆದ್ರ ನಾ ಬೀದಿಗೆ ಬೀಳ್ತೀನಿ."

ಅಜ್ಜಿ ಮೆಲ್ಲಗೆ ಕೌದಿಯೊಳಗೆ ಕೈ ಹಾಕಿದಳು. "ಅಯ್ಯ ನನ್ನ ಶಿವನ! ಮೈ ಕಾದ ಹೆಂಚಾಗೈತಲ್ಲೋ!"

ಇಂಥಾ ಹೊತ್ತಿನಲ್ಲಿ ಸುಮ್ಮನಿರೋದು ನನ್ನ ಹಣೆಯಲ್ಲಿ ಬರೆದಿಲ್ಲ. ಆದರೆ ನಾನು ಒಂದೂ ಸುಳ್ಳು ಹೇಳಲಿಲ್ಲ. "ವಾರದಿಂದ ಕಣ್ಣು ಮುಚ್ಚಿಲ್ಲಬೇ ಯಮ್ಮಾ. ಹಗಲು ರಾತ್ರಿ ಗುರ್ ಗುರ್ ಅಂತಿತ್ತು. ಈಗ ಆ ಸಪ್ಪಳಾನೂ ನಿಂತೈತಿ."

ಅಜ್ಜಿ ಬಾಯಿ ಬಡಿದುಕೊಂಡಳು. ಹಿಂದಿನ ಸೀಟಿನವರು ಎದ್ದು ನಿಂತರು. ಕಂಡಕ್ಟರ್ ಸೀಟಿ ಊದಿ ಕಿರುಚಿದ: "ಡ್ರೈವರ್ ಸಾಬ್, ಎಲ್ಲೂ ನಿಲ್ಲಸಬ್ಯಾಡ್ರಿ, ಸೀದಾ ದವಾಖಾನಿಗೆ ಹೊಡೀರಿ!" ನಡುವೆ ಇಳಿಯುವವರು ಇದ್ದರು, ಒಬ್ಬರೂ ಪಿಟಕ್ ಅನ್ನಲಿಲ್ಲ. ಭೀಮಾ ಸೇತುವೆ ಯಾವಾಗ ಬಂತೋ ಯಾವಾಗ ಹೋಯಿತೋ. ಉಸ್ತಾದರು ನನ್ನ ತೊಡೆ ಚಿವುಟುತ್ತ ಪಿಸುಗುಟ್ಟಿದರು: "ನಾಲಾಯಕ್, ಈಗ ಖರೇ ಹೇಳಿದ್ರ ಬಸ್ಸಿನಾಗಿನ ಮಂದಿ ನಮ್ಮಿಬ್ಬರ್ನೂ ಹುಗೀತಾರ. ಬಾಯಿ ಮುಚ್ಚಿಕೊಂಡು ಅಳು!"

ಅತ್ತೆ.

ದವಾಖಾನೆ ಮುಂದೆ ಬಸ್ಸು ನಿಂತಿತು. ಅಜ್ಜಿ ಕೌದಿ ಕಸಿದುಕೊಂಡು ಮುಂದೆ, ಬಸ್ಸಿನ ಮಂದಿಯೆಲ್ಲ ಹಿಂದೆ. ಡಾಕ್ಟರ್ ಓಡಿ ಬಂದು, ಕೌದಿ ಬಿಚ್ಚುವ ಮೊದಲೇ ಎದೆಗೆ ಹಚ್ಚುವ ಕೊಳವೆ ಒಳಗೆ ತೂರಿಸಿ ಕೇಳಿದರು. ಆಮೇಲೆ ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದರ ಹಿರೇರು ಯಾರ್ರೀ?"

ಉಸ್ತಾದರು ಮೆಲ್ಲಗೆ ಬೆರಳು ಎತ್ತಿದರು.

"ಗಾಬರಿ ಬ್ಯಾಡ. ಕರೆಂಟ್ ಕುಡಸ್ರಿ, ಕಣ್ಣು ಬಿಡ್ತದ," ಅಂದರು ಡಾಕ್ಟರ್.

ಅವತ್ತು ಪ್ರೆಸ್ಸಿನಲ್ಲಿ ಅದು ಕಣ್ಣು ಬಿಟ್ಟಿತು, ಪುಟಗಳು ಅದರಿಂದಲೇ ಅಚ್ಚಿಗೆ ಹೋದವು. ನೀರು ಬಿಡೋ ದಿನ ಪುಸ್ತಕ ಅದೇ ಅಕ್ಷರದಲ್ಲಿ ಕ್ಯಾಂಪಿಗೆ ಹೋಯಿತು, ನಮ್ಮ ಅಂಗಡಿಗೆ ಬೀಗ ಬೀಳಲಿಲ್ಲ. ಇದು ಖರೇ. ಬಸ್ಸು ದವಾಖಾನೆಗೆ ಓಡಿದ್ದೂ ಖರೇ. ಅಜ್ಜಿ ಕೌದಿ ಕಸಿದುಕೊಂಡದ್ದು, ಡಾಕ್ಟರದು ಮಾತ್ರ ನಾನು ಕಟ್ಟಿದ್ದು. ಬಸ್ಸು ನಿಂತದ್ದೇ ಉಸ್ತಾದರು ಕೌದಿ ಅವಚಿಕೊಂಡು ದವಾಖಾನೆಯ ಮುಂಬಾಗಿಲಿನಿಂದ ಹೊಕ್ಕು, ಹಿಂಬಾಗಿಲಿನಿಂದ ಹೊರಬಿದ್ದು, ಪ್ರೆಸ್ಸಿನ ತನಕ ಹಿಂದೆ ನೋಡದೆ ಓಡಿದರು. ಆದರೆ ಅಷ್ಟು ದೂರ ಬಂದ ಮೇಲೆ ಕತೆಯಲ್ಲಿ ಒಬ್ಬ ಡಾಕ್ಟರಾದರೂ ಇರದಿದ್ದರೆ ಹೆಂಗೆ? ಬಸ್ಸಿನ ತುಂಬ ಮಂದಿ ಕಂಪ್ಯೂಟರನ್ನೇ ಕೂಸು ಅಂತ ನಂಬಿದರು. ನಿಮಗೆ ಒಬ್ಬ ಡಾಕ್ಟರನ್ನು ನಂಬಾಕ ಏನು ಧಾಡಿ?