ಒಳಗ ಬಿದ್ದನೋ, ಹೊರಗ ಬಿದ್ದನೋ

ಸಿನಿಮಾ ಥೇಟರಿನಲ್ಲೇ ಮುಗಿಯುತ್ತದೆ ಎಂದು ತಿಳಿದವರು ಗಂಗಾವತಿಯ ನಮ್ಮ ಓಣಿಗೆ ಬಂದಿಲ್ಲ. ಇಲ್ಲಿ ಅದು ಶುರುವಾಗುವುದೇ ಪರದೆ ಆರಿದ ಮೇಲೆ. ಕುದುರೆ ಕಾಯುವ ಹುಡುಗ ಮತ್ತು ಪಾಳೇಗಾರನ ಮಗಳ ಕಥೆಯ ಮೂರನೆಯ ಭಾಗ, ಅಂದರೆ ಕೊನೆಯ ಭಾಗ, ಬಂದಾಗಿನಿಂದ ನನ್ನ ಹೊಲಿಗೆ ಮಷೀನಿನ ಸದ್ದು ನನಗೇ ಕೇಳಿಸದ ಹಾಗಾಗಿತ್ತು.

ಕಥೆ ಇಷ್ಟೇ. ಮೊದಲನೆಯ ಭಾಗದಲ್ಲಿ ಹುಡುಗಿ ಅಪ್ಪನ ಕೋಟೆ ಬಿಟ್ಟು ಅವನ ಕುದುರೆ ಹತ್ತುತ್ತಾಳೆ. ಎರಡನೆಯದರಲ್ಲಿ ಇಬ್ಬರೂ ಅಡವಿ ಅಲೆಯುತ್ತಾರೆ. ಮೂರನೆಯದರಲ್ಲಿ ಬಸುರಿ ಹೆಂಡತಿಯನ್ನು ತವರಿನ ಕೋಟೆಯೊಳಗೆ ಕಳಿಸಿ, ಬೆನ್ನಟ್ಟಿ ಬಂದ ವೈರಿಗಳ ದಂಡನ್ನು ಅವನೊಬ್ಬನೇ ಬಾಗಿಲಲ್ಲಿ ನಿಂತು ತಡೆಯುತ್ತಾನೆ. ಎದೆಗೆ ಬಾಣ ನಾಟುತ್ತದೆ. ಹೊಸ್ತಿಲ ಮೇಲಿದ್ದವನು ವಾಲುತ್ತಾನೆ, ಅಷ್ಟರಲ್ಲಿ ದೂಳೆದ್ದು ಏನೂ ಕಾಣದೆ ಸಿನಿಮಾ ಮುಗಿಯುತ್ತದೆ. ಅವನು ಬಿದ್ದದ್ದು ಬಾಗಿಲ ಒಳಗೋ ಹೊರಗೋ? ಒಳಗೆ ಬಿದ್ದರೆ ಸತ್ತರೂ ಮಾವನ ಮನೆ ಸೇರಿದ ಹಾಗೆ. ಹೊರಗೆ ಬಿದ್ದರೆ ವೈರಿಗಳು ಎತ್ತಿಕೊಂಡು ಹೋಗಿರುತ್ತಾರೆ, ಜೀವ ಇದ್ದರೂ ಇರಬಹುದು, ನಾಲ್ಕನೆಯ ಭಾಗ ಬಂದರೂ ಬರಬಹುದು. ಇದರ ಮೇಲೆ ಊರು ಎರಡು ಪಕ್ಷವಾಯಿತು.

ಒಂದು ಹಂಡೆ ನೀರು

ಮೊದಲ ದಿನವೇ ನೋಡಿಬಂದ ನನ್ನ ಗಂಡ ಪಡಸಾಲೆಯಲ್ಲಿ ಕುಂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಅತ್ತೆ ಗಾಬರಿಯಾಗಿ ಓಡಿಬಂದರು.

“ಏನಾತೋ?”

“ಹೋದನವ್ವಾ. ಬಾಗಲದಾಗ ನಿಂತಾಂವ ನಿಂತಂಗ ಹೋದ.”

“ಯಾರೋ ಯಪ್ಪಾ?”

“ಛಲೋ ಮನಷ್ಯಾ. ಹೆಂಡ್ತಿ ಬ್ಯಾರೆ ಬಸುರಿ.”

ಅತ್ತೆ ಮುಂದೆ ಕೇಳಲಿಲ್ಲ. ಮಗನ ಪಕ್ಕ ಕುಂತು, “ಎಂಥಾ ಗಂಡಸ ಇದ್ದೆಪ್ಪಾ, ಎಂಥಾ ಮಾತ ಆಡತಿದ್ದೆಪ್ಪಾ” ಎಂದು ದನಿ ತೆಗೆದು ಹಾಡಿ ಅಳತೊಡಗಿದರು. ಎದುರು ಮನೆಯ ಮುದುಕಿ ದನಿ ಕೇಳಿ ಬಂದು, ಯಾರು ಏನು ಎಂದು ಕೇಳದೆ ಜೊತೆಗೂಡಿದಳು. ನಾನು ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬಂದೆ.

“ಅತ್ತೀ, ಸತ್ತಿದ್ದು ಸಿನಿಮಾದಾಗರಿ.”

ಅಳು ನಿಂತಿತು. ಅತ್ತೆ ಮಗನನ್ನು ನೋಡಿದರು, ಮುದುಕಿಯನ್ನು ನೋಡಿದರು, ಸೆರಗಿನಿಂದ ಮೂಗು ಒರೆಸಿಕೊಂಡರು.

“ಎಲ್ಲಿ ಸತ್ತರೇನು? ಅತ್ತದ್ದು ಅತ್ತೀವಿ. ಒಂದು ಹಂಡೆ ನೀರು ಕಾಸು, ಮೂರೂ ಮಂದಿ ಜಳಕ ಮಾಡ್ತೀವಿ.”

ಕಾಣದ ಗುಡ್ಡ

ನನ್ನ ಗಂಡನದು ಒಳಗಿನ ಪಕ್ಷ. ಅಂಜನಾದ್ರಿ ಗುಡ್ಡದ ಬುಡದ ಹನುಮನಹಳ್ಳಿಯಲ್ಲಿ ಕಾಯಿ ಕರ್ಪೂರ ಮಾರುವ ಅವನ ಗೆಳೆಯನದು ಹೊರಗಿನ ಪಕ್ಷ. ಗೆಳೆಯನ ತೆಂಗಿನಕಾಯಿ ಚೀಲಗಳನ್ನು ನನ್ನ ಗಂಡ ತನ್ನ ಗೂಡ್ಸ್ ಆಟೋದಲ್ಲಿ ಹೇರಿಕೊಂಡು, ಅವನನ್ನೂ ಪಕ್ಕಕ್ಕೆ ಕುಂಡರಿಸಿಕೊಂಡು ಒಂದು ದಿನ ಮುಂಜಾನೆ ಹೊರಟ. ಗಂಗಾವತಿಯಿಂದ ಹನುಮನಹಳ್ಳಿ ಎಷ್ಟು ದೂರ? ಆಡುತ್ತ ಹೋಗಿ ಆಡುತ್ತ ಬರಬಹುದು. ಇವರು ಜಗಳಾಡುತ್ತ ಹೋದರು.

ಬಾಣ ಬಡಿದ ರಭಸಕ್ಕೆ ಮನುಷ್ಯ ಹಿಂದಕ್ಕೆ ಬೀಳುತ್ತಾನೆ ಎಂದು ಇವನು. ಹಟಕ್ಕೆ ಬಿದ್ದವನು ಮುಂದಕ್ಕೇ ಬೀಳುತ್ತಾನೆ ಎಂದು ಅವನು. ಹೀಗೆ ಮಾತಿಗೆ ಮಾತು ಬೆಳೆದು, ಕೊನೆಗೆ ಗೆಳೆಯ ತಲೆ ಹೊರಗೆ ಹಾಕಿ ನೋಡಿ, “ಇದೇನಲೇ, ಹನುಮನಹಳ್ಳಿಗೆ ಇಷ್ಟೊಂದು ಬಸ್ಸು ಯಾವಾಗಿಂದ ಬರಾಕತ್ತಾವ?” ಎಂದನಂತೆ. ಆಟೋ ಕೊಪ್ಪಳದ ಬಸ್ ಸ್ಟ್ಯಾಂಡಿನ ಮುಂದೆ ನಿಂತಿತ್ತು.

ಅಲ್ಲಿಂದ ನನಗೆ ಫೋನ್ ಬಂತು. “ಬರೂದು ತಡಾ ಆಕೈತಿ. ದಾರ್ಯಾಗ ಆ ಗುಡ್ಡ ಕಾಣಲಿಲ್ಲ ನೋಡು.”

“ಅಷ್ಟು ದೊಡ್ಡ ಅಂಜನಾದ್ರಿ ಗುಡ್ಡ ನಿಮಗ ಕಾಣಲಿಲ್ಲ,” ಎಂದೆ, “ದೂಳಿನಾಗ ಅಂವ ಒಳಗ ಬಿದ್ದದ್ದು ಹೆಂಗರಿ ಕಂಡ್ತು?”

ಅವನು ಸಾಯಲಿ ತಮ್ಮಾ

ಅತ್ತೆಯೂ ನೋಡಬೇಕೆಂದು ಹಟ ಹಿಡಿದರು. ಎರಡು ವರ್ಷದ ಮಗನನ್ನು ಸೊಂಟಕ್ಕೆ ಏರಿಸಿ, ಅತ್ತೆಯನ್ನೂ ಪಕ್ಕದ ಮನೆಯ ಹುಡುಗಿಯನ್ನೂ ಕರೆದುಕೊಂಡು ಹೋದೆ.

ಈ ಹುಡುಗಿಯ ವಿಷಯ ಇಲ್ಲೇ ಹೇಳಬೇಕು. ಕುಷ್ಟಗಿಯಲ್ಲಿ ದಲಾಲಿ ಅಂಗಡಿ ಇಟ್ಟ ಸಾಹುಕಾರರ ಒಬ್ಬಳೇ ಮಗಳು. ನಮ್ಮೂರ ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುವ ಹುಡುಗನನ್ನು ಮೆಚ್ಚಿ, ಮನೆಯಲ್ಲಿ ಹೇಳದೆ, ಹುಲಿಗೆಮ್ಮನ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡು ನಮ್ಮ ಗೋಡೆಯ ಆಚೆ ಸಂಸಾರ ಹೂಡಿದ್ದಳು. “ಆ ಹುಡುಗನ ಹೊಸ್ತಲಾ ನಾ ತುಳಿಯಂಗಿಲ್ಲ” ಎಂದು ಅವಳಪ್ಪ ಆಣೆ ಮಾಡಿದ್ದರು. ಈಗ ಅವಳಿಗೆ ಏಳು ತಿಂಗಳು. ಏಳರಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ, ಅಂದರೆ ರವಿಕೆ, ತಂದು ತೊಡಿಸಿ ಆರತಿ ಮಾಡಬೇಕು. ಆ ಕಾರ್ಯಕ್ಕೂ ನಮ್ಮಲ್ಲಿ ಕುಬಸ ಎಂದೇ ಹೆಸರು. ಅವಳು ದಿನಾ ಬಾಗಿಲಲ್ಲಿ ನಿಂತು ಕುಷ್ಟಗಿಯ ಹಾದಿ ನೋಡುತ್ತಿದ್ದಳು. ಯಾರನ್ನು ಕಾಯುತ್ತಿದ್ದೀ ಎಂದು ಕೇಳಿದರೆ, “ತರಕಾರಿ ಗಾಡಿ” ಎನ್ನುತ್ತಿದ್ದಳು.

ಥೇಟರಿನಲ್ಲಿ ಹೀರೋ ಬಾಗಿಲಿಗೆ ಬಂದು ನಿಂತ. ಗಂಡಸರೆಲ್ಲ ಮೂಗು ಏರಿಸತೊಡಗಿದರು. ನನ್ನ ಮಗನೂ ಚೀರಿದ. ಮುಂದಿನ ಸಾಲಿನವನೊಬ್ಬ ತಿರುಗಿ, “ಅಕ್ಕಾರ, ಕೂಸಿನ ಬಾಯಿ ಮುಚ್ಚಸ್ರಿ” ಎಂದ.

“ಮೊದಲ ನಿಮ್ಮದು ಮುಚ್ಚರಿ ಅಣ್ಣಾರ. ನಿಮ್ಮ ಅಳು ನೋಡೇ ಅದು ಅಂಜೈತಿ.”

ಅಷ್ಟರಲ್ಲಿ ಅತ್ತೆ ಪರದೆಯ ಮೇಲಿನ ಹುಡುಗಿಯನ್ನು ತೋರಿಸಿ ಗಟ್ಟಿ ದನಿಯಲ್ಲಿ ಕೇಳಿದರು. “ಅಲ್ಲs, ಈಕಿಗೆ ಏಳು ತುಂಬ್ಯಾವ. ಹಸಿರು ಸೀರಿ ಎಲ್ಲೈತಿ? ಕುಬಸ ಯಾವಾಗ ಮಾಡಿದ್ರು?”

“ಅಮ್ಮಾ, ಸುಮ್ಮನಿರ್ರಿ! ಹೀರೋ ಸಾಯಾಕತ್ತಾನ!”

“ಅಂವ ಸಾಯಲಿ ತಮ್ಮಾ, ನಾ ಈಕೀದು ಕೇಳಾಕತ್ತೀನಿ.”

ಹೆಂಗಸರ ಸಾಲೆಲ್ಲ ಹೌದು ಹೌದು ಎಂದಿತು. ಮೂರು ಸಿನಿಮಾ ತೆಗೆದರು, ಆನೆ ತಂದರು, ಕುದುರೆ ತಂದರು, ಒಂದು ಹಸಿರು ಸೀರೆ ತರಲಿಲ್ಲ. ನಮ್ಮ ಹುಡುಗಿ ಮಾತ್ರ ಸೆರಗು ಕಚ್ಚಿಕೊಂಡು ಬಿಕ್ಕುತ್ತಿದ್ದಳು. ಹೊರಗೆ ಬರುವಾಗ ಅತ್ತೆ ಅವಳ ಬೆನ್ನು ಸವರಿ, “ಅಳಬ್ಯಾಡವ್ವಾ. ಆಕಿ ಅಪ್ಪ ಪಾಳೇಗಾರ, ತೆಲಿಯೊಳಗ ಬರೇ ಕತ್ತಿ. ನಿಮ್ಮಪ್ಪ ದಲಾಲಿ, ಇಷ್ಟರಾಗ ಹೊಂದಿಸಿಬಿಡೂದು ಅವರಿಗೆ ಗೊತ್ತಿರತೈತಿ” ಎಂದರು.

ಕುಷ್ಟಗಿಯ ಜಂಪರು

ದಲಾಲಿ ಸಾಹುಕಾರರಿಗಿಂತ ಮೊದಲು ಹೊಂದಿಸಿಕೊಂಡವರು ಅವರ ಹೆಂಡತಿ. ಆ ತಾಯಿ ಜಂಪರು ಹೊಲಿಸುವ ನೆಪದಲ್ಲಿ ಕುಷ್ಟಗಿಯಿಂದ ನನ್ನ ಮನೆಗೆ ಬರುತ್ತಿದ್ದರು. ನಾನು ಅಳತೆ ಹಿಡಿಯುತ್ತಿದ್ದೆ, ಮಗಳು ಹಿತ್ತಲ ಬಾಗಿಲಿನಿಂದ ಬಂದು ತಾಯಿಯ ತೊಡೆಯ ಮೇಲೆ ತಲೆ ಇಡುತ್ತಿದ್ದಳು. ಆ ಅಳತೆ ಹಿಡಿಯಲು ನನಗೆ ಅರ್ಧ ದಿನ ಬೇಕಾಗುತ್ತಿತ್ತು.

ಸಾಹುಕಾರರು ಹೆಂಡತಿಯನ್ನು ಕಾರಿನಲ್ಲಿ ತಾವೇ ತಂದು ಬಿಟ್ಟು, ನಮ್ಮ ಕಟ್ಟೆಯ ಮೇಲೆ ಪಕ್ಕದ ಮನೆಗೆ ಬೆನ್ನು ಮಾಡಿ ಕುಂಡರುತ್ತಿದ್ದರು. ಮಗಳು ಎಲ್ಲಿದ್ದಾಳೆಂದು ಅವರಿಗೆ ಗೊತ್ತು. ಗೊತ್ತೆಂದು ನಮಗೂ ಗೊತ್ತು. ಒಮ್ಮೆ ನಾನು ಸುಮ್ಮನಿರಲಾರದೆ ಕೇಳಿದೆ, “ಸಾವ್ಕಾರ್ರ, ಕುಷ್ಟಗಿಯಾಗ ಜಂಪರ್ ಹೊಲಿಯೋರು ಇಲ್ಲೇನ್ರಿ?”

“ಅದಾರವ್ವಾ. ಆದ್ರ ಈಕಿ ಅಳತಿ ಒಬ್ರಿಗೂ ಸಿಗವಲ್ದು,” ಎಂದರು ಬೇವಿನ ಗಿಡ ನೋಡುತ್ತ. “ಒಂದು ಜಂಪರ್ ಹೊಲಿಸಿ ಬಂದ್ಲು ಅಂದ್ರ, ನಾಕು ದಿನ ಮನ್ಯಾಗ ಸಾರು ರುಚಿ ಆಕೈತಿ.”

ಕಟ್ಟೆಯ ಮೇಲೆ

ಮುಂದಿನ ಸಲ ಬಂದಾಗ, ಹೆಂಡತಿಯ ಅಳತೆ ಮುಗಿಯುವುದರೊಳಗೆ ಒಂದು ಆಟ ನೋಡಿಬರುತ್ತೇನೆ ಎಂದು ಸಾಹುಕಾರರು ಥೇಟರಿಗೆ ಹೋದರು. ಬರುವಾಗ ಕಣ್ಣು ಕೆಂಡದ ಹಾಗಾಗಿದ್ದವು. ಕಟ್ಟೆಯ ಮೇಲೆ ನನ್ನ ಗಂಡ ಕಾಯುತ್ತಲೇ ಇದ್ದ.

“ಒಳಗೋ ಹೊರಗೋ ಸಾವ್ಕಾರ್ರ?”

“ಒಳಗ! ಅದೇನು ಕೇಳೂ ಮಾತೇನು? ಆದ್ರ ಅದಲ್ಲಪಾ ನನ್ನ ಸಿಟ್ಟು. ಆ ಪಾಳೇಗಾರ! ಮಗಳು ತುಂಬಿದ ಬಸುರಿ, ಬಾಗಲಿಗೆ ಬಂದು ನಿಂತಾಳ. ಮ್ಯಾಲಿನ ಮಾಳಿಗ್ಯಾಗ ಕುಂತಾಂವ ಕುಂತs ಬಿಟ್ಟ. ಮೂರು ಭಾಗ ಆತು, ನಾಕು ಮೆಟ್ಟಲಾ ಇಳದು ಬರಾಕ ಆಗಲಿಲ್ಲ ಅವಗ. ಅಂವ ಎಂಥಾ ಅಪ್ಪ? ನಾ ಆಗಿದ್ರ...”

ಮಷೀನು ನಿಲ್ಲಿಸಿ ನಾನು ಒಳಗಿನಿಂದಲೇ ಹೇಳಿದೆ. “ಮೆಟ್ಟಲಾ ಇಳಿಯೂದು ಅಷ್ಟು ಹಗುರಲ್ಲರಿ ಸಾವ್ಕಾರ್ರ. ಕುಷ್ಟಗಿಯಿಂದ ಇಲ್ಲೀ ಮಟ ಬಂದೋರಿಗೇ ಈ ನಡುವಿನ ಗ್ವಾಡಿ ದಾಟಾಕ ಆಗವಲ್ದು.”

ಸಾಹುಕಾರರು ಎದ್ದು ಚಪ್ಪಲಿ ಮೆಟ್ಟಿಕೊಂಡು, ಕಾರು ತೆಗೆದುಕೊಂಡು ಹೋಗಿಯೇಬಿಟ್ಟರು. ಗಂಡ ಹಣೆ ಬಡಿದುಕೊಂಡ. “ನಿನ್ನ ನಾಲಿಗಿಗೆ ಒಂದು ಹುಕ್ಕು ಹಾಕಿ ಹೊಲಕೋಬಾರದೇನು? ಆ ಹುಡುಗಿಗೆ ಇದ್ದ ಒಂದು ಆಸೆನೂ ಕೆಡಿಸಿದಿ.”

ನಾನು ಮತ್ತೆ ಮಷೀನು ತುಳಿಯತೊಡಗಿದೆ. ಅಷ್ಟರಲ್ಲಿ ಕಾರು ತಿರುಗಿ ಬಂತು. ಸಾಹುಕಾರರು ಕಿಟಕಿ ಇಳಿಸಿ, ಯಾರ ಮುಖವನ್ನೂ ನೋಡದೆ ಹೇಳಿದರು.

“ನಮ್ಮ ಮನಿಯಾಕಿನ್ನ ಇಲ್ಲೇ ಬಿಟ್ಟು ಹೋಗಿದ್ದೆ, ಕಳಸ್ರಿ.”

ಹಸಿರು ಬಟ್ಟೆ

ಆಮೇಲೆ ಜಂಪರಿನ ಗಿರಾಕಿಯೂ ಬರಲಿಲ್ಲ, ಕಾರೂ ಬರಲಿಲ್ಲ. ಏಳನೇ ತಿಂಗಳು ಮುಗಿಯಲಿಕ್ಕೆ ಬಂದಿತ್ತು. ಹುಡುಗಿ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಿದ್ದಳು. ತರಕಾರಿ ಗಾಡಿಯವನೇ ನನ್ನನ್ನು ಕೇಳಿದ, “ಆ ಅಕ್ಕಗ ಆರಾಮಿಲ್ಲೇನ್ರಿ?” ನನಗೆ ಅನ್ನ ರುಚಿಸಲಿಲ್ಲ.

ಒಂದು ಮಧ್ಯಾಹ್ನ ಸಾಹುಕಾರರು ಒಬ್ಬರೇ ಬಂದರು. ಮಷೀನಿನ ಮೇಲೆ ಹಸಿರು ರೇಷ್ಮೆ ಬಟ್ಟೆ ಇಟ್ಟು, “ಕುಬಸ ಹೊಲಿ” ಎಂದರು.

ನನಗೆ ತಿಳಿಯಿತು. ಆದರೂ ಬಿಡಬೇಕಲ್ಲ. “ಅಳತಿ ಯಾರದರಿ ಸಾವ್ಕಾರ್ರ?”

ಅವರು ಬೇವಿನ ಗಿಡದ ಕಡೆ ಮುಖ ತಿರುಗಿಸಿದರು. “ಆ ಪಾಳೇಗಾರನ ಮಗಳದು.”

“ಈಗ ಸ್ವಲ್ಪ ಸಡ್ಲ ಇಡಬೇಕಾಕೈತ್ರಿ.”

“ಅದಕ್ಕs ಬಟ್ಟಿ ಹೆಚ್ಚಿಗಿ ತಂದೀನಿ. ಮತ್ತ, ಇದನ್ನ ಯಾರ ಮುಂದೂ ಹೇಳಬ್ಯಾಡ.”

“ಇಲ್ಲರಿ” ಎಂದೆ. ಅವರ ಕಾರು ಓಣಿ ದಾಟುವ ಮೊದಲೇ ಎಂಟು ಮನೆಯಲ್ಲಿ ಗೊತ್ತಾಗಿತ್ತು. ಒಂಬತ್ತನೆಯದಕ್ಕೆ ಬೀಗ ಹಾಕಿತ್ತು.

ಹೊಸ್ತಿಲ ಮೇಲೆ

ಕುಬಸದ ದಿನ ಕುಷ್ಟಗಿಯಿಂದ ಕಾರಿನ ತುಂಬ ಹೋಳಿಗೆ, ಕರ್ಚಿಕಾಯಿ, ಹಣ್ಣು, ಬಳೆ ಬಂದವು. ತಾಯಿ ಓಡಿಹೋಗಿ ಮಗಳನ್ನು ತಬ್ಬಿಕೊಂಡರು. ಸಾಹುಕಾರರು ಮಾತ್ರ ಆಣೆ ನೆನೆದು ಪಕ್ಕದ ಮನೆಯ ಹೊರಗಿನ ಕಟ್ಟೆಗೇ ಅಂಟಿ ಕುಂತರು. “ನಾ ಸಾಮಾನು ಇಳಿಸಾಕ ಬಂದೀನಿ. ಒಳಗ ಬರಂಗಿಲ್ಲ.”

ಒಳಗೆ ಹುಡುಗಿ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಬಳೆ ತೊಟ್ಟು ಕುರ್ಚಿಯ ಮೇಲೆ ಕುಂತಿದ್ದಳು. ಅತ್ತೆ ಆರತಿ ಹಚ್ಚಿದರು. ಹುಡುಗಿ ಬಾಗಿಲ ಕಡೆಗೇ ನೋಡುತ್ತ, “ಇನ್ನs ಸ್ವಲ್ಪ ತಡೀರಿ ಅಮ್ಮಾ” ಎಂದಳು.

ಹೊರಗೆ ಅಳಿಯ ತಟ್ಟೆಯಲ್ಲಿ ಚಹಾ ತಂದು ಮಾವನ ಮುಂದೆ ಹಿಡಿದ. ಮಾವ ಕಪ್ಪು ತೆಗೆದುಕೊಂಡರು, ಮಾತಿಲ್ಲ. ಅಳಿಯನೂ ಗಿರಣಿಯ ಕಂಬದ ಹಾಗೆ ನಿಂತ. ಈ ಮೌನ ತಡೆಯಲಾರದೆ ನನ್ನ ಗಂಡ ಬಾಯಿ ಹಾಕಿದ. “ಏನs ಅನ್ರಿ ಸಾವ್ಕಾರ್ರ, ಅಂವ ಒಳಗ ಬಿದ್ದದ್ದು ಛಲೋ ಆತು.”

“ಹೊರಗ ಬಿದ್ದಾನಣ್ಣಾ,” ಎಂದ ಅಳಿಯ ತಡೆಯದೆ. “ನಾಲ್ಕನೇ ಭಾಗದಾಗ ಎದ್ದು ಬರ್ತಾನ.”

ಸಾಹುಕಾರರ ಕಪ್ಪು ಅರ್ಧಕ್ಕೇ ನಿಂತಿತು. “ಒಳಗ!” ಮಾವ ಅಳಿಯನಿಗೆ ಆಡಿದ ಮೊದಲನೇ ಮಾತು ಅದು.

“ಹೊರಗರಿ ಮಾವಾರ.”

“ಬಾಣ ಬಡದದ್ದು ಎದಿಗೆ. ಎದಿಗೆ ಬಡದ್ರ ಹಿಂದಕ್ಕ ಬೀಳ್ತಾರ. ಹಿಂದ ಏನಿತ್ತು? ಕೋಟಿ ಇತ್ತು!”

“ಆತ್ರಿ, ಆದ್ರ ಆಗ ಅಂವ ಕೋಟಿ ಕಡೆ ಮುಖ ಮಾಡಿದ್ನಲ್ಲರಿ?”

“ನೀ ಸಿನಿಮಾ ನೋಡಿಯೋ, ಸೀಟಿ ಹೊಡಕೋತ ಕುಂತಿದ್ದಿಯೋ? ಬಾ ಇಲ್ಲಿ, ತೋರಸ್ತೀನಿ.” ಸಾಹುಕಾರರು ದಡದಡ ಎದ್ದು ಬಾಗಿಲಿಗೆ ಹೋದರು. ಬೆನ್ನು ಮನೆಗೆ, ಮುಖ ಓಣಿಗೆ, ಎರಡೂ ಕೈ ಚೌಕಟ್ಟಿಗೆ. “ನಾ ಅಂವ. ನೀ ದಂಡು. ಹೊಡಿ ಬಾಣ!”

ಅಳಿಯ ಚಹಾದ ತಟ್ಟೆಯನ್ನೇ ಬಿಲ್ಲಿನ ಹಾಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗುರಿಯಿಟ್ಟು ಬಿಟ್ಟ. ಸಾಹುಕಾರರು ಎದೆ ಹಿಡಿದುಕೊಂಡು “ಹಾ!” ಎಂದರು. ಥೇಟರಿನಲ್ಲಿ ಹೀರೋ ಕೂಡ ಅಷ್ಟು ಛಂದ ಸತ್ತಿರಲಿಲ್ಲ. ವಾಲಿದರು, ತೂಗಿದರು, ಕಾಲು ಹೊಸ್ತಿಲಿಗೆ ಎಡವಿತು, ದೊಪ್ಪೆಂದು ಹಿಂದಕ್ಕೆ ಬಿದ್ದರು. ಹೋಳಿಗೆ ಬುಟ್ಟಿಯ ಪಕ್ಕ, ನಡುಮನೆಯಲ್ಲಿ, ಮಗಳ ಕಾಲ ಬುಡದಲ್ಲಿ.

ಅಂಗಾತ ಬಿದ್ದ ಸಾಹುಕಾರರು ಕಣ್ಣು ತೆರೆದು, ಮೇಲಿನ ತೊಲೆ ನೋಡಿದರು, ಸುತ್ತ ನಿಂತ ಹೆಂಗಸರನ್ನು ನೋಡಿದರು, ತಾವು ಎಲ್ಲಿದ್ದೇವೆಂದು ತಿಳಿದು ಮತ್ತೆ ಕಣ್ಣು ಮುಚ್ಚಿದರು.

ಹುಡುಗಿ ಕುರ್ಚಿಯಿಂದ ಬಗ್ಗಿ, ಬಳೆ ತುಂಬಿದ ಕೈ ಚಾಚಿದಳು.

“ಅಪ್ಪಾ, ಹೆಂಗೂ ಒಳಗs ಬಿದ್ದಿ. ಇನ್ನ ಏಳು, ಆರತಿ ಆರಾಕತ್ತೈತಿ.”