ಶನಿವಾರ ಬಿಸಿಯೇರುವ ಕಂಪ್ಯೂಟರ್

ಹೆಂಡತಿಗೆ ಹೆದರದ ಗಂಡ ಎಲ್ಲಾದರೂ ಇದ್ದಾನು. ಪಿಎಚ್.ಡಿ. ಥೀಸಿಸ್ ಮುಗಿಸುತ್ತಿರುವ ಹೆಂಡತಿಗೆ ಹೆದರದ ಗಂಡನನ್ನು ನಾನಂತೂ ಕಂಡಿಲ್ಲ. ಸ್ವೀಡನ್ನಿನ ಲಿಂಕೋಪಿಂಗ್‌ನ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಇಂದುಮತಿಯ ನಾಲ್ಕು ವರ್ಷದ ತಪಸ್ಸೆಲ್ಲ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಬಿಡಿಭಾಗ ತಂದು ಅದನ್ನು ಜೋಡಿಸಿದವನು ನಾನು. ಹಾಗಾಗಿ ಅದು ಕೆಮ್ಮಿದರೂ ಅಪರಾಧಿ ನಾನೇ.

ವಾರವಿಡೀ ಸಭ್ಯವಾಗಿರುತ್ತಿದ್ದ ಆ ಯಂತ್ರ ಶನಿವಾರ ಬಂತೆಂದರೆ ಕಾದು ಕೆಂಡವಾಗಿ, ಇಂದುಮತಿಯ ಲೆಕ್ಕಗಳನ್ನು ಅರ್ಧಕ್ಕೇ ಕೈಬಿಟ್ಟು ಆರಿಹೋಗುತ್ತಿತ್ತು. (ಶನಿಮಹಾತ್ಮನಿಗೂ ಸ್ವೀಡನ್ ವೀಸಾ ಸಿಕ್ಕಿದೆಯೇನೋ ಎಂದು ನನಗೆ ಅನುಮಾನ.)

“ರೀ, ಮತ್ತೆ ಆಫ್ ಆಯ್ತು! ಇನ್ನೊಂದು ಸಲ ಹೀಗಾದ್ರೆ ಥೀಸಿಸ್ ಪ್ರಿಂಟಿಗೆ ಹೋಗಲ್ಲ. ಆಮೇಲೆ ನೀವುಂಟು, ನಾನುಂಟು!”

ನಾನು ತಕ್ಷಣ ಕಂಪ್ಯೂಟರಿನ ಡಬ್ಬದತ್ತ ಬೆರಳು ತೋರಿಸಿದೆ. “ತಪ್ಪೆಲ್ಲ ಕ್ಯಾಬಿನೆಟ್‌ದು ಕಣೇ. ತಗಡು ಡಬ್ಬ, ಒಳಗೆ ಗಾಳಿನೇ ಆಡಲ್ಲ. ಒಳ್ಳೇದು ತಂದು ಎಲ್ಲಾನೂ ಅದಕ್ಕೆ ಹಾಕ್ತೀನಿ.”

“ನೀವಾ? ಹೋದ ಸಲ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕಿತ್ತು.”

ಅವಮಾನವನ್ನು ನುಂಗಿಕೊಂಡು ನಾನು ವಾಯುಸಂಚಾರ ಶಾಸ್ತ್ರದ ಮಹಾ ಅಧ್ಯಯನಕ್ಕಿಳಿದೆ. ಆಫೀಸಿನಲ್ಲಿ ಫೀಕಾ ಎಂಬ ಕಾಫಿ ಬಿಡುವಿನ ಹೊತ್ತಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತ, ಬನ್ನು ಮೆಲ್ಲುತ್ತ ಹಿಮದ ಬಗ್ಗೆ ಮಾತಾಡುತ್ತಿದ್ದರೆ ನಾನು ಕ್ಯಾಬಿನೆಟ್ ಚಿತ್ರಗಳನ್ನು ನೋಡುತ್ತಿದ್ದೆ. ಮುಂದೆ ಗಾಳಿ ಎಳೆಯುವ ಫ್ಯಾನ್ ಇದೆಯೇ? ಹಿಂದೆ ಹೊರದಬ್ಬುವುದು ಎಷ್ಟು ದೊಡ್ಡದು? ತಗಡಿನ ಅಂಚು ಬೆರಳು ಕೊಯ್ಯುತ್ತದೆಯೇ? ಹೆಣ್ಣು ನೋಡಲು ಹೋದಾಗಲೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. (ಆಗ ಕೇಳಿದ್ದೆಲ್ಲ ಇಂದುಮತಿಯೇ.)

ಕೊನೆಗೆ ಒಂದನ್ನು ಆರಿಸಿ ಕೊಂಡು ತಂದು, ಶುಕ್ರವಾರ ರಜೆ ಹಾಕಿದೆ. ಅವಳು ಯೂನಿವರ್ಸಿಟಿಗೆ ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ನೆಲದ ಮೇಲೆ ಹರಡಿದೆ. ಆಗ ಒಂದು ಪ್ರಶ್ನೆ ತಲೆಗೆ ಹೊಳೆಯಿತು: ಇವಳು ಥೀಸಿಸ್ಸನ್ನೆಲ್ಲ ಸಿ.ಡಿ.ಗೆ ಬರೆದಿಟ್ಟುಕೊಂಡಿದ್ದಾಳೋ ಇಲ್ಲವೋ? ಫೋನ್ ಮಾಡಿ ಕೇಳುವ ಧೈರ್ಯ ಬರಲಿಲ್ಲ. ಈ ಊರಿನ ಒಣ ಚಳಿಯಲ್ಲಿ ಉಣ್ಣೆ ಬಟ್ಟೆ ತೊಟ್ಟು ಏನು ಮುಟ್ಟಿದರೂ ಚಟ್ಟೆಂದು ಕಿಡಿ ಹಾರುತ್ತದೆ. ಒಂದು ಕಿಡಿ ಸಾಕು, ನಾಲ್ಕು ವರ್ಷ ಬೂದಿ. ಸ್ವೆಟರ್ ಕಿತ್ತೆಸೆದು, ಬನಿಯನ್ನಿನಲ್ಲಿ ಗಡಗಡ ನಡುಗುತ್ತ ಹಾರ್ಡ್ ಡಿಸ್ಕ್ ಎತ್ತಿಕೊಂಡೆ. (ನಡುಕ ಚಳಿಯದಷ್ಟೇ ಅಲ್ಲ.)

ಹೊಸ ಕ್ಯಾಬಿನೆಟ್ ಮಾತ್ರ ಬಂಗಾರ! ಬಾಗಿಲು ಕೈಯಲ್ಲೇ ತೆರೆಯಿತು, ಡಿಸ್ಕು ಮೇಜಿನ ಡ್ರಾಯರಿನಂತೆ ಜಾರಿ ಕೂತಿತು, ಒಂದು ಬೆರಳೂ ಕೊಯ್ದುಕೊಳ್ಳಲಿಲ್ಲ. ಮಿಕ್ಕಿದ್ದು ಒಂದೇ ಸ್ಕ್ರೂ. ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಕುಲದೇವರನ್ನು ನೆನೆದೆ. ಹಿಂದಿನ ಸ್ವಿಚ್ಚನ್ನೇ ಹಾಕಿರಲಿಲ್ಲ!

ಯಂತ್ರ ಗುಂಯ್ ಎಂದಿತು. ಗಾಳಿಯ ದಾರಿ ಪರೀಕ್ಷಿಸಲು ಊದುಬತ್ತಿ ಹಚ್ಚಿ ಮುಂದೆ ಹಿಡಿದೆ. ಹೊಗೆ ಮುಂದಿನಿಂದ ಹೊಕ್ಕು ಹಿಂದಿನಿಂದ ಶಿಸ್ತಾಗಿ ಹೊರಬಂದು, ನೇರ ಮೇಲೇರಿ ಛಾವಣಿಯ ಬೆಂಕಿ ಅಲಾರಂ ಸೇರಿತು. ಅದರ ಕೂಗು ಕೇಳಿ ಓಡಿಬಂದ ಪಕ್ಕದ ಮನೆಯ ಅಜ್ಜಿಗೆ ಕಂಡದ್ದು, ಬನಿಯನ್ನಿನಲ್ಲಿ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದ ನಾನು.

ಶನಿವಾರ ಬೆಳಗಿನಿಂದ ಉಸಿರು ಬಿಗಿಹಿಡಿದು ಕೂತೆ. ಕಂಪ್ಯೂಟರ್ ಸಂಜೆಯವರೆಗೂ ಆರಲಿಲ್ಲ. ಲೆಕ್ಕ ಮುಗಿಯಿತು.

“ಪರವಾಗಿಲ್ಲ ರೀ ನೀವು!” ಎಂದಳು ಇಂದುಮತಿ. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲ ಪ್ರಶಸ್ತಿ. “ನಾಳೆ ಮಧ್ಯಾಹ್ನ ನನ್ನ ಗೈಡ್ ಗುನಿಲ್ಲಾ ದೋಸೆ ತಿನ್ನೋಕೆ ಬರ್ತಾರೆ. ಹಿಟ್ಟು ನೋಡಿ ಬರ್ತೀನಿ.”

ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ದೋಸೆಹಿಟ್ಟು ರುಬ್ಬುವುದು ಅವಳ ಕೆಲಸ. ಈ ಚಳಿದೇಶದಲ್ಲಿ ಅದನ್ನು ಬೆಚ್ಚಗಿಟ್ಟು ಹುದುಗು ಬರಿಸುವುದು ನನ್ನ ಕೆಲಸ.

ಅಡುಗೆಮನೆಯಿಂದ ಕೂಗು ಕೇಳಿಸಿತು. “ರೀ! ಹಿಟ್ಟು ಉಬ್ಬೇ ಇಲ್ಲ! ಕಲ್ಲಿನ ಹಾಗೆ ತಣ್ಣಗಿದೆ! ಇಲ್ಯಾಕೆ ಇಟ್ರಿ? ಯಾವಾಗ್ಲೂ ಕಂಪ್ಯೂಟರ್ ಹಿಂದೆ ಶಾಲು ಹೊದಿಸಿ ಇಡ್ತಿದ್ರಲ್ಲ?”

“ಅಯ್ಯೋ, ಅಷ್ಟೂ ಗೊತ್ತಾಗಲ್ವೇನೇ? ಹಿಂದೆ ಪಾತ್ರೆ ಇಟ್ಟು ಶಾಲು ಮುಚ್ಚಿದ್ರೆ ಬಿಸಿಗಾಳಿ ಹೊರಗೆ ಹೋಗೋ ದಾರೀನೇ ಕಟ್ಟಿಹೋಗಿ, ಕಂಪ್ಯೂಟರ್...”

ಅಲ್ಲಿಗೆ ನನ್ನ ನಾಲಿಗೆ ನಿಂತಿತು. ತಡವಾಗಿ ನಿಂತಿತು.

ಇಂದುಮತಿ ಬಾಗಿಲಲ್ಲಿ ಬಂದು ನಿಂತಳು. ಸಂಶೋಧಕಿ ನೋಡಿ, ಕೂಗಾಡಲಿಲ್ಲ. “ಶುಕ್ರವಾರ ಸಂಜೆ ಶಾಲು,” ಎಂದಳು ಮೆಲ್ಲಗೆ. “ಶನಿವಾರ ಆಫ್.” ಇಷ್ಟು ಮೆತ್ತಗಿನ ದನಿಗೆ ನಾನು ಹಿಂದೆಂದೂ ಇಷ್ಟು ಹೆದರಿರಲಿಲ್ಲ.

“ಹಳೇ ಡಬ್ಬಕ್ಕೇ ವಾಪಸ್ ಹಾಕ್ಲಾ?” ಎಂದೆ.

“ಅದನ್ನ ಮುಟ್ಟಿದ್ರೆ ನೋಡಿ! ಆದ್ರೆ ನಾಳೆ ಮಧ್ಯಾಹ್ನಕ್ಕೆ ಹಿಟ್ಟು ಉಬ್ಲೇಬೇಕು. ಹೊಸ ಕ್ಯಾಬಿನೆಟ್ ಹಿಂದೆ ತಂಗಾಳಿ. ಹೀಟರ್ ಅರ್ಧಂಬರ್ಧ. ಈ ಮನೇಲಿ ಈಗ ಬಿಸಿಯಾಗಿರೋದು ನೀವೊಬ್ರೇ.”

ಈಗ ನಾನು ಸೋಫಾದ ಮೇಲೆ ಅಂಗಾತ ಮಲಗಿದ್ದೇನೆ. ಹೊಟ್ಟೆಯ ಮೇಲೆ ಹಿಟ್ಟಿನ ಪಾತ್ರೆ, ಇಬ್ಬರ ಮೇಲೂ ಅದೇ ಶಾಲು.

“ಇಂದು, ಮೂಗು ತುರಿಸ್ತಿದೆ ಕಣೇ...”

“ಅಲ್ಲಾಡಬೇಡಿ!” ಎನ್ನುತ್ತಾಳೆ ಅವಳು, ಟೈಪ್ ಮಾಡುತ್ತಲೇ.

ಮೂಲೆಯಲ್ಲಿ ಹೊಸ ಕ್ಯಾಬಿನೆಟ್ ತಣ್ಣಗೆ ಕೂತಿದೆ. ನಾನು ಬೆವರುತ್ತಿದ್ದೇನೆ.