ಹಲ್ಲುಪುಡಿ ಮಾರಿದ ಮೊಲ

ನಮ್ಮ ಸೋದರಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದ ಮೇಲೆ ನೀವು ನಂಬುವುದಿಲ್ಲ!

ಮುಳಬಾಗಿಲಿನಲ್ಲಿ ಅವರು ಹಲ್ಲುಪುಡಿ ಮಾಡುತ್ತಿದ್ದರು. ಭತ್ತದ ಹೊಟ್ಟು ಸುಟ್ಟ ಬೂದಿ, ಉಪ್ಪು, ಲವಂಗ. ಬೇವಿನಕಡ್ಡಿ ಬಿಟ್ಟಿ ಸಿಗುವ ಊರಲ್ಲಿ ಬೂದಿಯನ್ನು ಯಾರು ಕೊಳ್ಳುತ್ತಾರೆ? ಒಂದು ದಿನ ಮದರಾಸಿನ ಹಳೆಯ ವಾರಪತ್ರಿಕೆಯೊಂದರಲ್ಲಿ, ಪ್ಯಾಂಟು ತೊಟ್ಟು ಹಲ್ಲುಕಿರಿಯುವ ಮೊಲದ ವ್ಯಂಗ್ಯಚಿತ್ರ ಕಣ್ಣಿಗೆ ಬಿತ್ತು. ಕೋಲಾರದ ಪ್ರೆಸ್ಸಿನಲ್ಲಿ ಅದನ್ನೇ ಅಚ್ಚು ಹಾಕಿಸಿ ಪೊಟ್ಟಣಕ್ಕೆ ಅಂಟಿಸಿದರು. ಶ್ರೀನಿವಾಸಪುರದ ಸಂತೆಯಲ್ಲಿ ಜನ ಮುಗಿಬಿದ್ದರು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ತಾಯಲೂರಿನ ಅಜ್ಜಿಯೊಬ್ಬರು ಎರಡು ಪೊಟ್ಟಣ ಒಯ್ದರಂತೆ!

ಆಮೇಲೆ ಬಂತು ಇಂಗ್ಲಿಷ್ ಕಾಗದ. ಮೇಷ್ಟ್ರಾಗಿದ್ದ ನಾನೇ ಓದಿ ಹೇಳಬೇಕಾಯಿತು.

"ಮೊಲ ಬರೆದವರ ಕಾಗದ ಮಾವ. ಅಪ್ಪಣೆ ಇಲ್ದೆ ಅದನ್ನ ಅಚ್ಚು ಹಾಕಿ ಮಾರೋದು ತಪ್ಪಂತೆ. ಅವರೇ ಬರ್ತಾರಂತೆ. ನಿಲ್ಲಿಸದಿದ್ರೆ ಕೋರ್ಟಂತೆ."

"ಲೇ, ದೇವರು ಮಾಡಿದ ಮೊಲಕ್ಕೆ ಇವರ ಅಪ್ಪಣೆ ಯಾಕ್ಲಾ?"

"ದೇವರು ಪ್ಯಾಂಟು ತೊಡಿಸಿರಲಿಲ್ಲ ಮಾವ!"

ಮಾವ ಯೋಚನೆಗೆ ಬಿದ್ದರು. ಮರುದಿನ ಮಸಿಕುಡಿಕೆ ಹಿಡಿದು ಕೂತು, ಅಂಗಡಿಯಲ್ಲಿದ್ದ ಅಷ್ಟೂ ಮೊಲಗಳಿಗೆ ಮೀಸೆ ಬರೆದರು. "ಈಗ ಇದು ಬೇರೆ ಮೊಲ ಕಣೋ!"

ಕೋಟು, ಹ್ಯಾಟಿನ ಸಾಹೇಬರೊಬ್ಬರು ಬರುತ್ತಾರೆಂದು ಕಾದಿದ್ದೆವು. ಬಸ್ಸಿಳಿದು ಬಂದವರು ಮಾಸಲು ಪಂಚೆಯ ಬಡಕಲು ಮುದುಕರು. ಪೊಟ್ಟಣವನ್ನು ಕೈಗೆತ್ತಿಕೊಂಡು ನೋಡಿ, "ಈ ಕುಂದೇಲು ನಾದಿ" ಎಂದರು. ಈ ಮೊಲ ನನ್ನದು. ತೆಲುಗಿಗೆ ನಮ್ಮೂರಲ್ಲಿ ದುಭಾಷಿ ಬೇಕೆ? ಆದರೂ ಮಾವ ಕಿವುಡರಂತೆ ಗಾದಿಯಲ್ಲಿ ಕೂತೇ ಇದ್ದರು.

ಮುದುಕರು ತೆಲುಗಿನಲ್ಲೇ ಮೆಲ್ಲಗೆ ಹೇಳಿದರು: "ಜಗಳಕ್ಕೇ ಅಂತ ಹೊರಟೆ. ಬಸ್ಸಿನಲ್ಲಿ ಒಂದು ಮಗು ಈ ಪೊಟ್ಟಣ ಹಿಡ್ಕೊಂಡು ನಗ್ತಾ ಇತ್ತು. ಪತ್ರಿಕೆಯವರು ನನ್ನ ಮೊಲವನ್ನ ಹಾಕೋದು ನಿಲ್ಲಿಸಿ ಎಷ್ಟೋ ದಿನ ಆಯ್ತು. ಅದನ್ನ ನೋಡಿ ನಗೋರು ಇನ್ನೂ ಇದ್ದಾರೆ ಅಂತ ಗೊತ್ತಿರಲಿಲ್ಲ."

ಮಾವ ತಮ್ಮ ಗಾದಿಯಿಂದ ಎದ್ದು ಅವರನ್ನು ಅಲ್ಲಿ ಕೂರಿಸಿದರು.

"ತಪ್ಪಾಯ್ತು ಸ್ವಾಮಿ. ಇವನ್ನೆಲ್ಲ ಒಲೆಗೆ ಹಾಕ್ತೀನಿ. ಮನಸ್ಸಿದ್ರೆ ನಿಮ್ಮ ಕೈಯಾರೆ ಒಂದು ಬರೆದುಕೊಡಿ. ಕೆಳಗೆ ನಿಮ್ಮ ಹೆಸರೂ ಇರಲಿ."

ಮುದುಕರು ಲೇಖನಿ ಹಿಡಿದರು. ಕೈ ನಡುಗುತ್ತಿತ್ತು. ಮಾವ ಎದುರಿಗೆ ಮಂಡಿಯೂರಿ, ಕಾಗದ ಅಲ್ಲಾಡದಂತೆ ಎರಡೂ ಅಂಗೈಯಿಂದ ಒತ್ತಿ ಹಿಡಿದುಕೊಂಡರು. ಕಿವಿ ಮುಗಿದು, ಪ್ಯಾಂಟು ಮುಗಿದು, ಹೆಸರಿನ ಕೊನೆಯ ಅಕ್ಷರ ಬೀಳುವವರೆಗೂ ಕೈ ತೆಗೆಯಲಿಲ್ಲ.